ಗುಹೆಯ ಹಳೆಯ ಒಲೆ

ಹೊಳೆ ನಮ್ಮ ಮನೆಯ ಕಿಟಕಿ ದಾಟಿದಾಗ ಉಳಿದಿದ್ದು ಗುಡ್ಡವೊಂದೇ. ಅಲ್ಲಿನ ಗುಹೆಯ ಕಾವಲು ನನ್ನದು. ಗಾರೆ ಕೆಲಸದ ನನ್ನ ತಮ್ಮ, ನನ್ನ ಪುಟ್ಟ ಮಗಳನ್ನು ಹೆಗಲ ಮೇಲೆ ಹೊತ್ತು ತಂದ. ದಾರಿಯಲ್ಲಿ ಒಮ್ಮೆ ಅವಳು ಅವನ ಕೈಜಾರಿ ನೀರಿಗೆ ಬಿದ್ದಿದ್ದಳು.

ಗುಹೆಯೊಳಗೆ ಬಂದ ಮೇಲೂ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಆಮೇಲೆ ನಿಂತಿತು.

"ನೋಡಕ್ಕ, ನಡುಕ ನಿಲ್ತು," ಅಂದ ತಮ್ಮ, ದೊಡ್ಡ ಉಪಕಾರ ಮಾಡಿದವನಂತೆ.

"ಮುಚ್ಚೋ ಬಾಯಿ. ಮೈಯಲ್ಲಿ ನಡುಗೋಕೂ ಶಕ್ತಿ ಉಳಿದಿಲ್ಲ ಕಣೋ."

ಅವಳ ತುಟಿ ನೀಲಿಗಟ್ಟಿತ್ತು. ಕರೆದರೆ ಓಗೊಡಲಿಲ್ಲ. 

ಗೋಡೆಯ ತುಂಬ ಸಾವಿರಾರು ವರ್ಷಗಳ ಹಿಂದಿನ ಬೇಟೆಗಾರರು ಬರೆದ ಜಿಂಕೆಗಳು. ಅವುಗಳ ಹತ್ತಿರ ಯಾರಾದರೂ ಜೋರಾಗಿ ಉಸಿರುಬಿಟ್ಟರೂ ನಾನು ಹರಿಹಾಯುತ್ತಿದ್ದೆ. ಅದೇ ನಾನು 'ಬೆಂಕಿ ಹಚ್ಚಬಾರದು' ಎಂಬ ಮರದ ಫಲಕವನ್ನು ಕಿತ್ತು ಮುರಿದೆ. ತಮ್ಮನ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಲೈಟರ್ ಹೊರಬಂತು.

"ಸಿಗರೇಟ್ ಬಿಟ್ಟೆ ಅಂದಿದ್ಯಲ್ಲೋ?"

"ಬಿಟ್ಟಿದ್ರೆ ಈಗ ಏನ್ಮಾಡ್ತಿದ್ದೆ?"

ಸುತ್ತ ಹಗ್ಗ ಕಟ್ಟಿ ಕಾಪಾಡಿದ್ದ ಹಳೆಯ ಬೂದಿಯ ಜಾಗದಲ್ಲೇ ಬೆಂಕಿ ಹಾಕಿದೆವು. "ಆ ಜನ ಇಲ್ಲೇ ಒಲೆ ಹೂಡ್ತಿದ್ರು, ಹೊಗೆ ಮೇಲಿನ ಬಿರುಕಲ್ಲಿ ಹೋಗ್ತಿತ್ತು" ಎಂದು ಬಂದವರಿಗೆಲ್ಲ ದಿನವೂ ಒದರುತ್ತಿದ್ದವಳು ನಾನೇ ತಾನೆ?

ಹೊಗೆ ಹೋಗಲಿಲ್ಲ. ಮೇಲೆ ಬಡಿದು ಕೆಳಗಿಳಿಯಿತು. ಚಿತ್ರಗಳ ಮೇಲೆ ಮಳೆನೀರು ಸೋರದಿರಲೆಂದು ಬೇಸಿಗೆಯಲ್ಲಿ ಪುರಾತತ್ವ ಇಲಾಖೆಯವರು ತಮ್ಮನ ಕೈಯಲ್ಲೇ ಆ ಬಿರುಕಿಗೆ ಸಿಮೆಂಟ್ ತುಂಬಿಸಿದ್ದರು. ಗಾಬರಿಯಲ್ಲಿ ಇಬ್ಬರಿಗೂ ಅದರ ನೆನಪೇ ಆಗಿರಲಿಲ್ಲ. ಮಗಳು ಕೆಮ್ಮತೊಡಗಿದಳು. ಗುಹೆಯ ಬಾಯಿಗೆ ಒಯ್ಯೋಣವೆಂದರೆ ಅಲ್ಲಿ ಮಳೆಗಾಳಿ ರಾಚುತ್ತಿತ್ತು. ಮಗುವನ್ನು ಹೊಗೆಯಲ್ಲಿ ಸಾಯಿಸಲೋ, ಚಳಿಯಲ್ಲೋ?

"ಒಡೆಯೋ ಅದನ್ನ!"

"ಒಡೆದ್ರೆ ನೀರೆಲ್ಲ ಚಿತ್ರದ ಮೇಲೇ ಇಳಿಯುತ್ತಕ್ಕ. ನಿನ್ನ ಕೆಲಸ..."

"ಹಾಳಾಗಿ ಹೋಗ್ಲಿ! ಒಡಿ!"

ಬಂಡೆ ಹತ್ತಿ ಕಲ್ಲಿನಿಂದ ಕುಟ್ಟಿದ. ಅಲುಗಲಿಲ್ಲ. ಈ ಮೈಗಳ್ಳ ಹುಟ್ಟಿದಾಗಿನಿಂದ ನೆಟ್ಟಗೆ ಮಾಡಿದ್ದು ಈ ಸಿಮೆಂಟ್ ಕೆಲಸವೊಂದೇ. ಕೈ ಒಡೆದು ರಕ್ತ ಬಂದರೂ ಅಳುತ್ತ ಕುಟ್ಟಿದ. ನಾನು ಮಗಳ ಮುಖವನ್ನು ನೆಲಕ್ಕೆ ತಗ್ಗಿಸಿ ಹಿಡಿದು ಕಂಡ ಕಂಡ ದೇವರಿಗೆಲ್ಲ ಮೊರೆಯಿಟ್ಟೆ.

ಕೊನೆಗೆ ಒಂದು ಚೂರು ಕಳಚಿತು, ಹಿಂದೆಯೇ ದೊಡ್ಡ ತುಂಡೊಂದು ಬಿತ್ತು. ಹೊಗೆ ಅತ್ತ ತಿರುಗಿತು. ಕೆಸರು ನೀರು ಗೋಡೆಗುಂಟ ಇಳಿದು, ಮಸಿ ಹಿಡಿದ ಜಿಂಕೆಗಳ ಮೇಲೆ ಹರಿಯಿತು. ನಾನು ಅತ್ತ ನೋಡಲಿಲ್ಲ.

ಮಗಳ ಒದ್ದೆ ಬಟ್ಟೆ ಕಳಚಿ, ಎದೆಗವಚಿಕೊಂಡು ಬೆಂಕಿಯ ಪಕ್ಕ ಕೂತೆ. ಫಲಕ ಉರಿದು ಮುಗಿಯಿತು. ನಾನು ಕಾವಲು ಕೂರುತ್ತಿದ್ದ ಮರದ ಬೆಂಚನ್ನು ತಮ್ಮ ಮುರಿದು ಹಾಕಿದ. ಅದೂ ಅರ್ಧ ಉರಿದ ಹೊತ್ತಿಗೆ ನನ್ನ ಎದೆಯ ಮೇಲೆ ಹಲ್ಲು ಕಟಕಟ ಎಂದಿತು.

"ಅಯ್ಯೋ, ಮತ್ತೆ ನಡುಗ್ತಿದಾಳಕ್ಕ!"

"ನಡುಗ್ಲಿ ಕಣೋ," ಅಂದೆ, ಅಳು ತಡೆಯಲಾಗದೆ. "ನಡುಗ್ಲಿ, ನಡುಗ್ಲಿ."