ಇಲಿಯೇ ಒತ್ತಬೇಕಾದ ಗುಂಡಿ

ಮಾತ್ರೆಯ ಚಟ ಬಿಟ್ಟು ಚಿಕಿತ್ಸಾ ಕೇಂದ್ರದಿಂದ ಮನೆಗೆ ಬಂದ ಮೇಲೆ ಬುಗುರಿಗೆ ಒಬ್ಬನೇ ಸೀನುವ ಭಾಗ್ಯವೂ ಇರಲಿಲ್ಲ. ಅವನು ‘ಆಕ್ಷಿ’ ಅನ್ನುವಷ್ಟರಲ್ಲಿ ಮೂರು ಕರವಸ್ತ್ರಗಳು ಮೂಗಿನ ಮುಂದೆ ಹಾಜರ್: ಅಕ್ಕನದು, ಭಾವನದು, ಅತ್ತೆಯದು.

ಇದೆಲ್ಲ ಅಕ್ಕನ ಏರ್ಪಾಡು. ಪ್ರಯೋಗಾಲಯದಲ್ಲಿ ಇಲಿಗಳನ್ನು ಗಮನಿಸುವುದು ಅವಳ ಕೆಲಸ. ಅಲ್ಲಿನ ಪಂಜರದಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ಮಾದಕ ದ್ರವದ ಹನಿ. ಇನ್ನೊಂದನ್ನು ಒತ್ತಿದರೆ ಪುಟ್ಟ ಬಾಗಿಲು ತೆರೆದು ಪಕ್ಕದ ಇಲಿಯ ಮೂತಿ. ಹನಿಯ ರುಚಿ ಹತ್ತಿದ ಇಲಿಗಳೂ ಬಹುಪಾಲು ಮೂತಿಯನ್ನೇ ಆರಿಸಿಕೊಳ್ಳುತ್ತಿದ್ದವು. ಅದನ್ನು ಕಂಡ ಅಕ್ಕ ಮನೆಯವರನ್ನು ಕೂರಿಸಿಕೊಂಡು, “ಇವತ್ತಿಂದ ನಾವೇ ಆ ಪಕ್ಕದ ಇಲಿ,” ಎಂದು ಘೋಷಿಸಿದ್ದಳು.

“ನಾನು ಇಲಿನಾ?” ಅಪ್ಪನ ತಂಗಿಯಾದ ಅತ್ತೆ ತಮ್ಮ ಗಾತ್ರವನ್ನೊಮ್ಮೆ ನೋಡಿಕೊಂಡರು. “ಹೆಗ್ಗಣ ಅಂದ್ಕೋ. ಕೆಲಸ ಏನು ಹೇಳು.”

ಕೆಲಸ, ಬುಗುರಿಯನ್ನು ಬಿಡದಿರುವುದು. ಅತ್ತೆ ಸ್ನಾನದ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಹಾಡಿದರು. ಬಸ್ ಓಡಿಸುವ ಭಾವ ರಜೆ ಹಾಕಿ, ಮನೆಯ ಕೆಳಗಿದ್ದ ಬುಗುರಿಯ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೂತು, ಕಂಡ ಚಕ್ರಕ್ಕೆಲ್ಲ ಗಾಳಿ ಹೊಡೆದರು. ಎರಡು ಟ್ಯೂಬು ಢಮಾರ್ ಎಂದವು.

“ಭಾವ, ನೀವು ಬಸ್ಸಿಗೇ ಹೋಗಿ. ಪಾಪ, ಜನ ಕಾಯ್ತಿರ್ತಾರೆ.”

“ಕಾಯಲಿ ಬಿಡೋ. ಅವರಿಗೆ ಅಭ್ಯಾಸ ಇದೆ.”

ಬುಗುರಿಯ ನಿಜವಾದ ಭಯ ಬೇರೆಯೇ. ಹಿಂದೆ ಮಾತ್ರೆ ತಂದುಕೊಡುತ್ತಿದ್ದ ಗೆಳೆಯ ಜಿಗಣೆ, ಶನಿವಾರ ಸಂಜೆ ಬರುತ್ತೇನೆಂದು ಹೇಳಿಕಳಿಸಿದ್ದ.

“ಅಕ್ಕ, ಅವನ ಸ್ಕೂಟರ್ ಸದ್ದಿಗೇ ಎದೆ ಕುಣಿಯುತ್ತೆ. ಮಾತ್ರೆ ಇನ್ನೂ ಅವನ ಜೇಬಲ್ಲೇ ಇರುತ್ತೆ!”

“ಅದು ಡೋಪಮೈನ್ ಕಣೋ, ಮೆದುಳಿನ ರಾಸಾಯನಿಕ. ಸುಳಿವು ಸಿಕ್ಕಿದ್ರೇ ಸಾಕು, ಚಿಮ್ಮುತ್ತೆ. ನೀನು ಕೆಟ್ಟವನು ಅಂತ ಅಲ್ಲ.”

“ನಾನು ಬಿಟ್ಟಿದೀನಿ ಅಂತ ಅದಕ್ಕೆ ಗೊತ್ತಿಲ್ವಾ?”

“ಇನ್ನೂ ಯಾರೂ ಹೇಳಿಲ್ಲ ಅದಕ್ಕೆ.”

ಶನಿವಾರ ಬೇಗ ಮನೆ ಸೇರುವ ತರಾತುರಿಯಲ್ಲಿ ಅಕ್ಕ ಒಂದು ಎಡವಟ್ಟು ಮಾಡಿದಳು. ಪಂಜರದ ಪುಟ್ಟ ಬಾಗಿಲನ್ನು, ಗುಂಡಿ ಒತ್ತದೆಯೂ ತಾನಾಗಿಯೇ ತೆರೆದು ಮುಚ್ಚುವಂತೆ ಬಿಟ್ಟು ಊಟಕ್ಕೆ ಹೋದಳು. ಬಂದು ನೋಡಿದರೆ ಪಕ್ಕದ ಇಲಿ ಕರೆಯದಿದ್ದರೂ ಮೂತಿ ತೂರಿಸುತ್ತಿತ್ತು, ಮತ್ತೆ ತೂರಿಸುತ್ತಿತ್ತು. ಅವಳ ಇಲಿ ಅದಕ್ಕೆ ಬೆನ್ನು ಹಾಕಿ ಹನಿಯ ಗುಂಡಿಯನ್ನೇ ಒತ್ತುತ್ತಿತ್ತು. ಒಂದೇ ಇಲಿಯಿಂದ ಏನೂ ಸಾಬೀತಾಗುವುದಿಲ್ಲವೆಂದು ಅವಳಿಗೆ ಗೊತ್ತು. ಆದರೆ ಅಂಥದೇ ಬೆನ್ನನ್ನು, ಬುಗುರಿಯ ಬೆನ್ನನ್ನು, ಅವಳು ಮನೆಯಲ್ಲಿ ದಿನವೂ ನೋಡುತ್ತಿದ್ದಳು.

ಬಿಳಿ ಕೋಟು ಕಳಚುವುದನ್ನೂ ಮರೆತು ಓಡಿದಳು.

ಅಂಗಡಿಯಲ್ಲಿ ಭಾವ ಮತ್ತು ಅತ್ತೆ ಬುಗುರಿಯನ್ನು ನಡುವೆ ಒತ್ತರಿಸಿಕೊಂಡು ಕೂತಿದ್ದರು. ಅವನ ಮುಖ ಬೆವೆತಿತ್ತು, ಕಣ್ಣು ಬೀದಿಯ ಮೇಲಿತ್ತು. ತಿರುವಿನಲ್ಲಿ ಸ್ಕೂಟರ್ ಗುರುಗುಟ್ಟಿತು.

“ಎಲ್ಲರೂ ಮೇಲೆ ನಡೀರಿ!” ಎಂದಳು ಅಕ್ಕ.

“ಈಗಲಾ? ಇವನು ಎದ್ದು ಹೋಗಿಬಿಟ್ರೆ?” ಅತ್ತೆ ಕೂಗಿದರು.

“ಹೋಗಬಹುದು.” ಅಕ್ಕ ತಮ್ಮನ ಕಡೆ ತಿರುಗಿದಳು. “ಬುಗುರಿ, ನಾವು ಮೇಲಿರ್ತೀವಿ. ಬೇಕಾದ್ರೆ ಕರಿ. ಇಲ್ಲದಿದ್ರೆ ಬರಲ್ಲ.”

ಮೇಲಿನ ಕೋಣೆಯಲ್ಲಿ ಮೂವರೂ ಬಾಗಿಲಿಗೆ ಕಿವಿ ಅಂಟಿಸಿ ನಿಂತರು. ಸ್ಕೂಟರ್ ನಿಂತಿತು. ಸಿಳ್ಳೆ ಕೇಳಿಸಿತು. ಆಮೇಲೆ ಏನೂ ಇಲ್ಲ. ಅತ್ತೆ ದಿಂಬು ಕಚ್ಚಿಕೊಂಡರು. ಭಾವ ಅಲ್ಲಿಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ಒಂದು ನಟ್ಟು ನೆಲಕ್ಕೆ ಬಿದ್ದು ಉರುಳಿದ ಸದ್ದು. ಹೆಜ್ಜೆಗಳು ಬೀದಿಯ ಕಡೆಗೆ. ಅಕ್ಕ ಕಣ್ಣು ಮುಚ್ಚಿದಳು.

“ಅವನಿನ್ನೂ ಎದುರಿಗೇ ನಿಂತಿದಾನೆ!” ಬುಗುರಿಯ ದನಿ ಕೆಳಗಿನಿಂದ ನಡುಗುತ್ತಾ ಬಂತು. “ನನ್ನ ಕಾಲು ಅತ್ಲಾಗೇ ಹೋಗ್ತಿದೆ. ಯಾರಾದ್ರೂ ಬನ್ನಿ!”

ಮೂವರೂ ಒಟ್ಟಿಗೆ ನುಗ್ಗಿ ಕಿರಿದಾದ ಮೆಟ್ಟಿಲಲ್ಲಿ ಸಿಕ್ಕಿಕೊಂಡರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ; ಅಕ್ಕನ ಬಾಯಿಗೆ ಅತ್ತೆಯ ಮೊಣಕೈ.

“ಉಸಿರು ಬಿಡಿ ಅತ್ತೆ, ಜಾಗ ಆಗುತ್ತೆ!” ಎಂದರು ಭಾವ.

“ಬಿಟ್ಟಾಯ್ತು ಕಣೋ! ಇದು ಬಿಟ್ಟ ಮೇಲಿನ ಸೈಜು!”

ಸ್ಪ್ಯಾನರ್ ಹಿಡಿದು ಮೆಟ್ಟಿಲ ಬುಡಕ್ಕೆ ಬಂದ ಬುಗುರಿ ಮೇಲಕ್ಕೆ ನೋಡಿದ. ಮೊದಲು ಅವನ ಭುಜ ಕುಲುಕಿತು, ಆಮೇಲೆ ಹೊಟ್ಟೆ. ನಗುತ್ತಾ ಅಲ್ಲೇ ಕುಸಿದು ಕೂತ. ಹೊರಗೆ ಸ್ಕೂಟರಿನ ಹಾರ್ನ್ ಮೊಳಗಿತು. ಅವನ ತಲೆ ಅತ್ತ ತಿರುಗಿತು, ನಗು ಅರ್ಧಕ್ಕೆ ನಿಂತಿತು. ಅವನು ಕೈ ಚಾಚಿ, ಕೈಗೆ ಸಿಕ್ಕ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದು ಅತ್ತೆಯದು.

“ಇವರು ಸಾಕು,” ಎಂದ. “ಉಳಿದವರು ಬಿಡಿಸಿಕೊಂಡು ಒಳಗೆ ಹೋಗಿ.”