ಒಳಸರಿದ ಸಾಲು

ಆಂಬ್ಯುಲೆನ್ಸ್ ಕಳಿಸುವ ಕೋಣೆಯಲ್ಲಿ ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಬೆಳಿಗ್ಗೆ ಹೊಸ ಪ್ರೋಗ್ರಾಂ ಚಾಲೂ ಆದಾಗಿನಿಂದ ಗೋಡೆಯ ನಕ್ಷೆಯಲ್ಲಿ ಗಾಡಿಗಳು ನಿಂತಲ್ಲೇ ನಿಂತಿದ್ದವು. ರಸ್ತೆಯಲ್ಲಿ ಮಾತ್ರ ಓಡುತ್ತಿದ್ದವು. ಹತ್ತಿರವಿದೆಯೆಂದು ಕಳಿಸಿದ ಗಾಡಿ ಊರಿನ ಇನ್ನೊಂದು ತುದಿಯಲ್ಲಿರುತ್ತಿತ್ತು.

ಪ್ರೋಗ್ರಾಂ ನೋಡಿಕೊಳ್ಳುವವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ಮೂಲೆಯಲ್ಲಿ ಕೋಡಿನ ಎಡಿಟರ್ ತೆರೆದು, ಕಮಿಟ್ ಎಂಬ ಒಂದೊಂದೇ ದಾಖಲೆ ನೋಡುತ್ತ ಹಿಂದಕ್ಕೆ ಹೋಗುತ್ತಿದ್ದಳು. ಪ್ರತಿ ಸಲ ಉಳಿಸಿದ ಬದಲಾವಣೆಯೂ ಅಲ್ಲಿತ್ತು: ಎಡಕ್ಕೆ ಹಳೆಯ ಸಾಲು ಕೆಂಪಾಗಿ, ಬಲಕ್ಕೆ ಹೊಸದು ಹಸಿರಾಗಿ. ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಅದೇ ಅವಳ ಜೀವ ಹಿಂಡುತ್ತಿತ್ತು.

"ಹಳೇದನ್ನೇ ಹಾಕಿಬಿಡೇ," ಎಂದರು ಫೋನುಗಳ ಮೇಲ್ವಿಚಾರಕಿ, ಕೋಣೆಗೆಲ್ಲ ಅಕ್ಕ.

"ಹಾಕಿ ನೋಡ್ದೆ ಅಕ್ಕ. ಗಾಡಿಗಳಲ್ಲಿ ಜಾಗ ತಿಳಿಸೋ ಹೊಸ ಯಂತ್ರ ಕೂರ್ಸಿದಾರಲ್ಲ, ಅದು ಹಳೇದರ ಜೊತೆ ಮಾತೇ ಆಡಲ್ಲ."

ಅಕ್ಕ ಚಾಲಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳತೊಡಗಿದರು. ಇನ್ನೊಂದು ಫೋನಿನಲ್ಲಿ ಒಬ್ಬಳು, "ಅಪ್ಪಂಗೆ ಉಸಿರಾಡಕ್ಕೆ ಆಗ್ತಿಲ್ಲ. ಇಷ್ಟೊತ್ತಾಯ್ತು, ಗಾಡಿ ಎಲ್ರೀ?" ಎಂದು ಅಳುತ್ತಿದ್ದಳು.

ಗುಬ್ಬಿ ನೋಡಿದ್ದನ್ನೇ ಮತ್ತೆ ನೋಡಿದಳು. ಸಹೋದ್ಯೋಗಿಯೊಬ್ಬ 'ಕೋಡ್ ಓರಣ ಮಾಡಿದ್ದು' ಎಂದು ಬರೆದಿದ್ದ ಕಮಿಟ್‌ನಲ್ಲಿ ಬಣ್ಣವೇ ಇರಲಿಲ್ಲ. ಎಡವೂ ಬಲವೂ ಒಂದೇ. ಏನೂ ಬದಲಾಗದಿದ್ದರೆ ಉಳಿಸಿದ್ದಾದರೂ ಏನನ್ನು?

ಆಗ ನೆನಪಾಯಿತು. ಖಾಲಿ ಜಾಗದ ವ್ಯತ್ಯಾಸ ಕಾಣದ ಹಾಗೆ ಎಡಿಟರನ್ನು ಇಟ್ಟುಕೊಂಡಿದ್ದವಳು ತಾನೇ. ಆ ಆಯ್ಕೆ ತೆಗೆದಳು. ಒಂದು ಸಾಲು ಕೆಂಪಾಯಿತು, ಪಕ್ಕದಲ್ಲೇ ಹಸಿರು. ಅಕ್ಷರಗಳು ಅವೇ; ಸಾಲು ಮಾತ್ರ ತುಸು ಒಳಕ್ಕೆ ಸರಿದಿತ್ತು. ಆ ಕೋಡಿನ ಭಾಷೆಯಲ್ಲಿ ಸಾಲು ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೂ ಅರ್ಥವಿದೆ. ಜಾಗ ಕಳಿಸುವ ಆ ಸಾಲು ಒಳಗೆ ಸರಿದು 'ಎಂಜಿನ್ ನಿಂತಿದ್ದರೆ' ಎಂಬ ಮೇಲಿನ ಷರತ್ತಿಗೆ ಸೇರಿಹೋಗಿತ್ತು; ಹಾಗಾಗಿ ಎಂಜಿನ್ ನಿಂತಾಗ ಮಾತ್ರ ಗಾಡಿಯ ಜಾಗ ನಕ್ಷೆಗೆ ತಲುಪುತ್ತಿತ್ತು.

"ಸಿಕ್ತು ಅಕ್ಕ," ಎಂದಳು.

ಸಾಲನ್ನು ಹೊರಕ್ಕೆಳೆದು, ಪರೀಕ್ಷಿಸಿ, ಚಾಲೂ ಮಾಡಿದಳು. ನಕ್ಷೆಯ ಚುಕ್ಕೆಗಳೆಲ್ಲ ದಡಬಡ ಜಾಗ ಬದಲಿಸಿದವು.

"ಅಯ್ಯೋ, ಅಪ್ಪಂಗೆ ಉಸಿರಾಡಕ್ಕೆ ಆಗ್ತಿಲ್ಲ ಅಂದ್ಳಲ್ಲ, ಅವಳ ಮನೆ ಹಿಂದಿನ ಬೀದೀಲೇ ಒಂದಿದೆಯಲ್ಲೇ," ಎಂದು ಅಕ್ಕ ಫೋನಿಗೆ ಕೈಹಾಕಿದರು.

ಸ್ವಲ್ಪ ಹೊತ್ತಿಗೆ ಚಾಲಕನ ದನಿ ಬಂತು. "ಹತ್ತಿಸ್ಕೊಂಡ್ವಿ. ಜೀವ ಇದೆ. ತುಂಬಾ ಸುಸ್ತಾಗಿದಾರೆ."

ಗುಬ್ಬಿ ಎದ್ದು ಅಕ್ಕನ ಮೇಜಿನ ಬಳಿ ಬಂದಳು. "ಉಳ್ಕೊಳ್ತಾರಾ ಅಕ್ಕ?"

"ಆಸ್ಪತ್ರೆ ಬಾಗಿಲು ದಾಟಿದ್ಮೇಲೆ ನಮಗ್ಯಾರೂ ಹೇಳಲ್ಲ ಮಗಾ," ಎಂದು ಅಕ್ಕ ಮುಂದಿನ ಫೋನ್ ಎತ್ತಿದರು.