ಜುಲೈ ಒಂಬತ್ತರ ಹಾಡು

ನಾನು ಒಂದು ಮೈಕು. ಹಾಗಂತ ಆಟೋದಲ್ಲಿ ಈರುಳ್ಳಿ ಮಾರುತ್ತಾ ಹೋಗುವವನ ಮೈಕು ಅಂದುಕೊಳ್ಳಬೇಡಿ, ನನಗೆ ಸಿಟ್ಟು ಬರುತ್ತದೆ. ನಾನು ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಹುಟ್ಟಿದವನು. ಮೈಗೆಲ್ಲ ಉಕ್ಕಿನ ಜಾಲರಿ, ಹೊಟ್ಟೆಯಲ್ಲಿ ಬೆಳ್ಳುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ತಗಡಿನ ಪಟ್ಟಿ. ಎದುರಿಗೆ ನಿಂತು ಹಾಡಿದರೆ ಆ ಪಟ್ಟಿ ನಡುಗುತ್ತದೆ, ಆ ನಡುಕ ತಂತಿಯೊಳಗೆ ಹರಿದು ಟೇಪಿನ ಮೇಲೆ ಕೂರುತ್ತದೆ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ.

ಹಡಗಿನಲ್ಲಿ ಬಂದು ಮದರಾಸಿನ ಒಂದು ರೆಕಾರ್ಡಿಂಗ್ ಥಿಯೇಟರು ಸೇರಿದೆ. ಆಗ ಕನ್ನಡ ಸಿನಿಮಾದ ಹಾಡುಗಳೂ ಬಹುಪಾಲು ಅಲ್ಲೇ ಆಗುತ್ತಿದ್ದವು. ನಿಮಗೆ ದೊಡ್ಡ ಗಾಯಕರೆಂದರೆ ಪೋಸ್ಟರಿನ ಮುಖ. ನನಗೆ ಹಾಗಲ್ಲ. ನಾನು ಸ್ಟ್ಯಾಂಡಿನ ಮೇಲೆ ಕೂತು ಅವರನ್ನು ಗದ್ದದ ಕೆಳಗಿಂದ ನೋಡಿದವನು. ಯಾರ ಹಲ್ಲು ಹುಳುಕು, ಯಾರ ಬಾಯಲ್ಲಿ ಜರ್ದಾ ವಾಸನೆ, ಯಾರಿಗೆ ಮೇಲಿನ ಷಡ್ಜ ಹತ್ತುವಾಗ ಕತ್ತಿನ ನರ ಉಬ್ಬುತ್ತದೆ, ಎಲ್ಲ ನನಗೆ ಗೊತ್ತು. ಆದರೂ ನನಗೆ ಮರ್ಯಾದೆ ಇತ್ತು. ಆಯುಧಪೂಜೆಗೆ ಕುಂಕುಮ ಇಟ್ಟು ಹೂ ಮುಡಿಸುತ್ತಿದ್ದರು. ಹಾಡುವ ಮೊದಲು ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮೈಕು ಮುಟ್ಟಿ ಆಣೆ ಮಾಡಿದರೆ ಸರಸ್ವತಿಯನ್ನೇ ಮುಟ್ಟಿದ ಹಾಗೆ, ಅದನ್ನು ಮೀರಿದವರ ಗಂಟಲು ಕಟ್ಟುತ್ತದೆ ಅಂತ ಅಲ್ಲಿಯವರ ನಂಬಿಕೆ.

ಅಂಬುಜ ಅಲ್ಲಿಗೆ ಬಂದದ್ದು ಟ್ರ್ಯಾಕ್ ಹಾಡುವುದಕ್ಕೆ. ಕೋಲಾರದ ಕಡೆಯ ಹೆಣ್ಣುಮಗಳು, ಪಿಟೀಲು ನುಡಿಸುವ ವರದಯ್ಯನ ಹೆಂಡತಿ. ಟ್ರ್ಯಾಕ್ ಅಂದರೇನು ಅಂತ ಹೇಳಿಬಿಡುತ್ತೇನೆ. ದೊಡ್ಡ ಗಾಯಕಿಗೆ ಪುರುಸೊತ್ತು ಇರುವುದಿಲ್ಲ. ವಾದ್ಯದವರೆಲ್ಲ ಕೂತು ನುಡಿಸುವ ದಿವಸ ಅವರ ಜಾಗದಲ್ಲಿ ಬೇರೊಬ್ಬಳು ಹಾಡುತ್ತಾಳೆ. ಆಮೇಲೆ ದೊಡ್ಡವರು ಬಿಡುವಾದಾಗ ಬಂದು, ಅದನ್ನು ಕೇಳಿ ಕಲಿತು, ತಮ್ಮ ಧ್ವನಿ ಕೊಡುತ್ತಾರೆ. ಮೊದಲಿನ ಧ್ವನಿ ಅಳಿಸಿಹೋಗುತ್ತದೆ. ಮನೆ ಎದ್ದ ಮೇಲೆ ಸಾರುವೆ ಬಿಚ್ಚಿ ಬಿಸಾಡುವುದಿಲ್ಲವೇ, ಹಾಗೆ. ಅಂಬುಜ ಹಾಡಿದ್ದೆಲ್ಲ ಹೀಗೇ ಅಳಿಸಿಹೋಗಿತ್ತು. "ಒಂದಾದರೂ ಉಳಿದರೆ ಸಾಕು ಕಣ್ರೀ" ಎಂದು ಅವಳು ಗಂಡನಿಗೆ ಹೇಳಿದ್ದು ನನ್ನೆದುರಿಗೇ.

ಆ ವರ್ಷ ಜುಲೈ ಒಂಬತ್ತನೇ ತಾರೀಕು ಒಂದು ಹಾಡು ಆಯಿತು. ತಾರೀಕು ಆರಿಸಿದವರು ನಿರ್ಮಾಪಕ ನಂಜಪ್ಪ ಶೆಟ್ಟರು. ಅವರಿಗೆ ಒಂಬತ್ತೆಂದರೆ ಹುಚ್ಚು. ಕಾರಿನ ನಂಬರು ಒಂಬತ್ತು, ಮುಹೂರ್ತ ಒಂಬತ್ತಕ್ಕೆ, ಎಲೆಯ ಮೇಲೆ ಎಂಟೇ ಪದಾರ್ಥ ಬಡಿಸಿದರೆ ಊಟ ಬಿಟ್ಟು ಎದ್ದುಹೋಗುವ ಆಸಾಮಿ. ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ತಾಯಿ ಹಾಡುವ ಹಾಡು ಅದು. ಸಂಗೀತ ಕೂಡಿಸಿದವರು ಶೇಷಗಿರಿ ಮೇಷ್ಟ್ರು. ಗಾಯಕಿ ಮಂದಾರವಲ್ಲಿ. ಆಗ ಆಕೆಯ ಹೆಸರಿಲ್ಲದೆ ರೆಕಾರ್ಡು ಮಾರಾಟವಾಗುತ್ತಿರಲಿಲ್ಲ.

ಅಂಬುಜ ಬಂದು ನಿಂತಳು. ಬಳೆ ಸದ್ದಾಗಬಾರದೆಂದು ಎರಡೂ ಕೈಗೆ ಕರ್ಚೀಪು ಸುತ್ತಿಕೊಂಡಿದ್ದಳು. ಮೇಷ್ಟ್ರು ಕೈ ಎತ್ತಿದರು, ಅವಳು ಹಾಡಿದಳು. ನನ್ನ ಹೊಟ್ಟೆಯ ಪಟ್ಟಿ ಅದುವರೆಗೆ ಎಷ್ಟೋ ಧ್ವನಿಗೆ ನಡುಗಿದೆ. ಆವತ್ತಿನದು ಬೇರೆ. ಜೋರು ಮಾಡಲಿಲ್ಲ, ಅಳು ಬೆರೆಸಲಿಲ್ಲ. ಮಗಳ ಸೆರಗು ಸರಿ ಮಾಡುತ್ತಾ ಮಾತಾಡಿದ ಹಾಗೆ ಹಾಡಿದಳು. ಹಾಡು ಮುಗಿದರೂ ತಬಲದವನು ತಬಲದ ಮೇಲಿಂದ ಕೈ ತೆಗೆಯಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ನನಗಂತೂ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ.

ಎರಡು ದಿವಸ ಬಿಟ್ಟು ಮಂದಾರವಲ್ಲಿ ಬಂದರು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅಂಬುಜ ಹಾಡಿದ್ದನ್ನು ಪೂರ್ತಿ ಕೇಳಿದರು. ಆಮೇಲೆ ಹಾಡಿದರು. ಮತ್ತೆ ಹಾಡಿದರು. ಮೂರನೇ ಸಲ ಅರ್ಧಕ್ಕೇ ನಿಲ್ಲಿಸಿದರು. ಆಕೆ ಕೆಟ್ಟ ಗಾಯಕಿ ಅಲ್ಲ, ಅದನ್ನು ನಾನು ಹೇಳಲೇಬೇಕು. ಆದರೆ ಕೇಳಿದ್ದು ಕಿವಿಯಿಂದ ಹೋಗುತ್ತಿರಲಿಲ್ಲ. ಹೆಡ್‌ಫೋನು ತೆಗೆದು ಮೇಷ್ಟ್ರಿಗೆ ಹೇಳಿದರು, "ಇದನ್ನೇ ಇಟ್ಟುಕೊಳ್ಳಿ. ಹೆಸರು ಹೇಗೂ ಅಚ್ಚಾಗಿದೆಯಲ್ಲ."

ರೆಕಾರ್ಡಿನ ಕವರಿನ ಮೇಲೆ ಆಕೆಯ ಹೆಸರೂ ಫೋಟೋವೂ ಆಗಲೇ ಅಚ್ಚಾಗಿ ಬಂದಿದ್ದವು. ಶೆಟ್ಟರು ಹೂಂ ಅಂದರು. ಅಂಬುಜಳನ್ನು ಕರೆಸಿದರು.

"ನೋಡಮ್ಮ, ನಿನ್ನ ಹಾಡು ಉಳೀತದೆ" ಅಂದರು ಮೇಷ್ಟ್ರು. "ಹೆಸರು ಮಾತ್ರ ಅವರದ್ದು. ಅವರು ಇರೋವರೆಗೂ ನೀನು ಬಾಯಿ ಬಿಡಬಾರದು. ಮುಂದಿನ ಪಿಕ್ಚರಲ್ಲಿ ನಿನ್ನ ಹೆಸರಲ್ಲೇ ಹಾಡಿಸ್ತೀನಿ."

ಅಂಬುಜ ಗಂಡನ ಮುಖ ನೋಡಿದಳು. ವರದಯ್ಯ ಪಿಟೀಲಿನ ಬಿಲ್ಲಿಗೆ ರಾಳ ತಿಕ್ಕುತ್ತಾ ಕೂತಿದ್ದ. ವಾದ್ಯದವರ ನಡುವೆ ಅವನಿಗೆ ಆ ಕುರ್ಚಿ ಮೇಷ್ಟ್ರು ಕೊಟ್ಟಿದ್ದು. ಅವನು ತಲೆ ಎತ್ತಲಿಲ್ಲ.

ಅವಳು ನನ್ನನ್ನು ಮುಟ್ಟಿ ಆಣೆ ಮಾಡಿದಳು. ಅವಳ ಕೈ ತಣ್ಣಗಿತ್ತು.

ಹಾಡು ಎಂಥಾ ಹಾಡಾಯಿತೆಂದರೆ, ಸಿನಿಮಾ ಮರೆತವರೂ ಅದನ್ನು ಮರೆಯಲಿಲ್ಲ. ಕನ್ನಡನಾಡಿನ ಯಾವ ಛತ್ರಕ್ಕೇ ಹೋಗಿ, ಹೆಣ್ಣು ಒಪ್ಪಿಸುವ ಹೊತ್ತಿಗೆ ಅದೇ ಹಾಡು ಹಾಕಬೇಕು, ಎಲ್ಲರೂ ಮೂಗು ಒರೆಸಬೇಕು. ಮಾರನೇ ವರ್ಷ ಶೆಟ್ಟರು ಅದೇ ಜುಲೈ ಒಂಬತ್ತಕ್ಕೆ ಥಿಯೇಟರಿನಲ್ಲೇ ಸಮಾರಂಭ ಇಟ್ಟು ಮಂದಾರವಲ್ಲಿಗೆ ಬಂಗಾರದ ಬಣ್ಣದ ರೆಕಾರ್ಡು ಕೊಟ್ಟರು. ನನಗೂ ಒಂದು ಹಾರ ಬಿತ್ತು. ಅಂಬುಜ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಆವತ್ತು ಮಂದಾರವಲ್ಲಿ ಒಮ್ಮೆಯೂ ಅವಳ ಕಡೆ ನೋಡಲಿಲ್ಲ.

ಮುಂದಿನ ಪಿಕ್ಚರ್ ಬಂತು. ಅದರ ಮುಂದಿನದೂ ಬಂತು. ಅಂಬುಜ ಕೇಳಿದಾಗ ಮೇಷ್ಟ್ರು ಕೊಟ್ಟ ಉತ್ತರ ನನ್ನ ಹೊಟ್ಟೆಯಲ್ಲಿ ಇನ್ನೂ ಇದೆ. "ನಾನೇನೋ ಹೇಳ್ತೀನಮ್ಮ. ಆದರೆ ನಿನ್ನ ಧ್ವನಿ ಮಂದಾರವಲ್ಲಿ ಧ್ವನಿ ಥರಾನೇ ಇದೆ, ನಕಲು ಮಾಡ್ತಾಳೆ ಅಂತಾರೆ ಎಲ್ಲರೂ. ಇಬ್ಬಿಬ್ಬರು ಮಂದಾರವಲ್ಲಿ ಯಾರಿಗೆ ಬೇಕು ಹೇಳು?" ಅವಳದೇ ಧ್ವನಿ ಅವಳ ದಾರಿಗೆ ಅಡ್ಡ ಮಲಗಿತ್ತು. ದೇವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾನೆ ಅಂತಾರಲ್ಲ, ಇಲ್ಲಿ ದೇವರ ತಂಟೆಯೇ ಇರಲಿಲ್ಲ. ಕಿತ್ತುಕೊಂಡವರೆಲ್ಲ ಮನುಷ್ಯರೇ.

ಕನ್ನಡ ಸಿನಿಮಾ ಬೆಂಗಳೂರಿಗೆ ಹೊರಟಿತು. ಥಿಯೇಟರಿಗೆ ಹೊಸ ಮೈಕುಗಳು ಬಂದವು, ನಾನು ಮೂಲೆಗೆ ಬಿದ್ದೆ. ವರದಯ್ಯ ಥಿಯೇಟರಿನವರನ್ನು ಕೇಳಿ ನನ್ನನ್ನು ತೆಗೆದುಕೊಂಡು, ಹೆಂಡತಿಯನ್ನೂ ಹಸುಗೂಸು ಪದ್ಮಜಳನ್ನೂ ಕಟ್ಟಿಕೊಂಡು ಮೈಸೂರಿಗೆ ಬಂದು ಒಂದು ಆರ್ಕೆಸ್ಟ್ರಾ ಕಟ್ಟಿದ. ಆಗ ಶುರುವಾಯಿತು ನೋಡಿ ನನ್ನ ಬೀದಿ ಬಾಳು. ಗಣಪತಿ ಪೆಂಡಾಲು, ಬಯಲು, ಮಂಜು, ಧೂಳು. ಎಲ್ಲಿ ಹೋದರೂ ಜನ ಒಪ್ಪಿಸುವ ಹಾಡು ಕೇಳುತ್ತಿದ್ದರು. ಅಂಬುಜ ಹಾಡುತ್ತಿದ್ದಳು. ಕೆಳಗೆ ಕೂತವರು ಮೆಚ್ಚುತ್ತಿದ್ದರು, "ಪರವಾಗಿಲ್ಲ ಕಣಯ್ಯ. ಆದರೆ ಮಂದಾರವಲ್ಲಿ ಮಂದಾರವಲ್ಲೀನೇ." ನನಗೆ ಮೈ ಉರಿಯುತ್ತಿತ್ತು. ಅವಳು ಕೈಮುಗಿದು ಮುಂದಿನ ಹಾಡಿಗೆ ಹೋಗುತ್ತಿದ್ದಳು.

ಒಂದು ಮದುವೆಯಲ್ಲಿ ಹುಡುಗಿಯ ಮಾವ, ಮೈಕು ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಅಂತ ನನ್ನ ಬಾಯಿಗೆ ಬಾಯಿಟ್ಟು ಒಲೆ ಊದುವ ಹಾಗೆ ಊದಿದ. ಹೊಟ್ಟೆಯ ಪಟ್ಟಿ ಹರಿದುಹೋಯಿತು. ಅದನ್ನು ಸರಿ ಮಾಡುವವರು ಮೈಸೂರಿನಲ್ಲಿ ಇರಲಿಲ್ಲ. ವರದಯ್ಯ ನನ್ನನ್ನು ಒರೆಸಿ ಮನೆಯ ಷೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಕ್ಕ ಇಟ್ಟ. ಅಂದಿನಿಂದ ನಾನು ಕೇಳಬಲ್ಲೆ, ಕೇಳಿಸಲಾರೆ.

ನನ್ನ ಧ್ವನಿ ಹೋದ ಮೇಲೆ ಅವಳದ್ದು. ಗಂಟಲಿನಲ್ಲಿ ಗಡ್ಡೆಯಾಯಿತು. ತೆಗೆದರೆ ಧ್ವನಿ ಹೋಗಬಹುದು, ತೆಗೆಯದಿದ್ದರೆ ಜೀವವೇ ಹೋಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ತೆಗೆದರು. ಮನೆಗೆ ಬಂದವಳ ಮಾತು ಒಣಗಿದ ತೆಂಗಿನ ಗರಿ ಎಳೆದ ಹಾಗೆ ಇತ್ತು. ಪದ್ಮಜಳ ಮದುವೆ ಆದದ್ದು ಅದಾದ ಮೇಲೆ. ಆವತ್ತು ಛತ್ರದಲ್ಲಿ ಹೆಣ್ಣು ಒಪ್ಪಿಸುವಾಗ ಕ್ಯಾಸೆಟ್ ಹಾಕಿದರಂತೆ. ಬೀಗಿತ್ತಿ ಅಂಬುಜಳ ಕೈ ಹಿಡಿದು, "ನಿಮ್ಮ ಗಂಟಲು ಇದ್ದಿದ್ದರೆ ನೀವೇ ಹಾಡಬಹುದಿತ್ತು, ಪಾಪ" ಅಂದರಂತೆ. ಅದನ್ನು ಅವಳು ಮನೆಗೆ ಬಂದು ವರದಯ್ಯನಿಗೆ ಹೇಳಿ ಅತ್ತಳು. ಅವನು ಪಿಟೀಲಿನ ಪೆಟ್ಟಿಗೆ ಒರೆಸುತ್ತಾ ಕೂತ. ಆವತ್ತು ತಲೆ ಎತ್ತದವನು ಈಗ ಎತ್ತಿ ಏನು ಮಾಡಬೇಕಿತ್ತು?

ಅವನೂ ಹೋದ. ಮೇಷ್ಟ್ರು, ಶೆಟ್ಟರು, ಟೇಪು ತಿರುಗಿಸುತ್ತಿದ್ದವನು, ತಬಲದವನು, ಎಲ್ಲರೂ ಹೋದರು. ಮಂದಾರವಲ್ಲಿ ಮಾತ್ರ ಗಟ್ಟಿಮುಟ್ಟಾಗಿದ್ದರು. ಪದ್ಮಜ ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು, ನಾನೂ ಹೋದೆ. ಪ್ರತಿ ವರ್ಷ ಜುಲೈ ಒಂಬತ್ತಕ್ಕೆ ರೇಡಿಯೋದಲ್ಲಿ ಹೇಳುತ್ತಿದ್ದರು: ಸಂಗೀತಲೋಕದಲ್ಲಿ ಈ ದಿನ ಏನೇನಾಯಿತು, ಯಾರು ಹುಟ್ಟಿದರು, ಯಾವ ಹಾಡು ಧ್ವನಿಮುದ್ರಣವಾಯಿತು. ಅಂಬುಜ ಕಾಫಿ ಲೋಟ ಹಿಡಿದು ಪೂರ್ತಿ ಕೇಳುತ್ತಿದ್ದಳು. ಆಣೆ ಇನ್ನೂ ತೀರಿರಲಿಲ್ಲ.

ಕೊನೆಗೊಂದು ಬೇಸಿಗೆಯಲ್ಲಿ ಮಂದಾರವಲ್ಲಿ ತೀರಿಕೊಂಡರು. ಟೀವಿಯ ಮುಂದೆ ಕೂತಿದ್ದ ಅಂಬುಜ ಕೈಮುಗಿದಳು. ಸೂತಕ ಕಳೆಯಲಿ ಅಂತ ಕಾದಳೋ ಏನೋ, ಹದಿನೈದು ದಿನದ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಮಗಳಿಗೆ ಹೇಳಿದಳು.

"ಒಪ್ಪಿಸೋ ಹಾಡು ನಾನು ಹಾಡಿದ್ದು ಕಣೆ."

"ಹೂಂ, ಎಷ್ಟು ಸಲ ಹಾಡಿಲ್ಲ ನೀನು" ಅಂದಳು ಪದ್ಮಜ.

"ಹಾಗಲ್ಲ. ರೆಕಾರ್ಡಲ್ಲಿರೋದು. ಅದು ನಾನು."

ಪದ್ಮಜ ಹುಣಸೆ ಬಿಟ್ಟು ತಾಯಿಯ ಹಣೆ ಮುಟ್ಟಿ ನೋಡಿದಳು. ಆವತ್ತು ಸಾಯಂಕಾಲ ಗಂಡನಿಗೆ, ಅಮ್ಮನಿಗೆ ಯಾಕೋ ಮರೆವು ಶುರುವಾದ ಹಾಗಿದೆ ಅಂದಳು. ನಾನು ಷೋಕೇಸಿನಲ್ಲಿ ಕೂತು ಒದ್ದಾಡಿದೆ. ಹರಿದ ಹೊಟ್ಟೆಯ ಸಾಕ್ಷಿಯನ್ನು ಯಾರು ಕರೆಯುತ್ತಾರೆ?

ಜುಲೈ ಒಂಬತ್ತು ಬಂತು. ಬೆಳಿಗ್ಗೆ ರೇಡಿಯೋದಲ್ಲಿ ಮಂದಾರವಲ್ಲಿಯ ನೆನಪಿನ ವಿಶೇಷ ಕಾರ್ಯಕ್ರಮ, ಕೇಳುಗರು ಫೋನು ಮಾಡಿ ಮಾತಾಡಬಹುದು. ಅಂಬುಜ ಫೋನು ಹಚ್ಚಿಕೊಡು ಅಂದಳು. ಪದ್ಮಜ ಬೇಡ ಅಂದು ನೋಡಿದಳು, ಆಮೇಲೆ ಹಚ್ಚಿಕೊಟ್ಟಳು. ಹೇಗೋ ಲೈನು ಸಿಕ್ಕೇಬಿಟ್ಟಿತು.

"ಅಮ್ಮ, ನಮಸ್ಕಾರ. ನಿಮ್ಮ ರೇಡಿಯೋ ಸೌಂಡು ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಎಲ್ಲಿಂದ ಮಾತಾಡ್ತಿದೀರ?" ಎಂದಿತು ಒಂದು ಎಳೆಯ, ನಗುವ ಧ್ವನಿ.

"ಮೈಸೂರಿಂದಪ್ಪ. ಒಪ್ಪಿಸೋ ಹಾಡಿನ ವಿಷಯ. ಅದನ್ನ ಹಾಡಿದ್ದು ನಾನು."

"ಓ, ನೀವೂ ಹಾಡ್ತೀರಾ? ಬಹಳ ಸಂತೋಷ. ಹಾಗಾದರೆ ನಮ್ಮ ಕೇಳುಗರಿಗೋಸ್ಕರ ಎರಡೇ ಎರಡು ಸಾಲು."

ಬೇಡ ಅಂತ ನನಗೆ ಕೂಗಬೇಕೆನಿಸಿತು. ಅಂಬುಜ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಸೆರಗು ಹೊದ್ದುಕೊಂಡಳು. ಹಾಡಿದಳು. ಮೊದಲ ಸಾಲಿನ ಅರ್ಧಕ್ಕೆ ಗಂಟಲು ಬರೀ ಗಾಳಿಯಾಯಿತು, ಎರಡನೇ ಸಾಲು ಹೊರಟೇ ಇಲ್ಲ. ಕೆಮ್ಮು ಬಂತು.

"ಸಾಕಮ್ಮ, ಸಾಕು, ಆಯಾಸ ಮಾಡ್ಕೋಬೇಡಿ. ಈ ವಯಸ್ಸಲ್ಲೂ ಎಷ್ಟು ಪ್ರೀತಿ ನೋಡಿ ನಮ್ಮ ಮಂದಾರವಲ್ಲಿಯವರ ಮೇಲೆ" ಅಂದಿತು ಆ ಧ್ವನಿ. ನಿಜಕ್ಕೂ ಒಳ್ಳೆಯ ಹುಡುಗನೇ ಇರಬೇಕು, ಕೊಂಕು ಇರಲಿಲ್ಲ. "ಬನ್ನಿ, ಈಗ ಒರಿಜಿನಲ್ ಕೇಳೋಣ."

ಫೋನು ಕಟ್ಟಾಯಿತು. ರೇಡಿಯೋದಲ್ಲಿ ಪಿಟೀಲುಗಳು ಎದ್ದವು, ಹಿಂದೆಯೇ ಅವಳ ಧ್ವನಿ ಬಂತು.

ಪದ್ಮಜಳ ಮುಖ ಕೆಂಪಾಗಿತ್ತು. ತಾಯಿಯನ್ನು ಊರೆಲ್ಲ ಕೇಳುವ ಹಾಗೆ ನಗೆಪಾಟಲು ಮಾಡಿಬಿಟ್ಟೆ ಅಂತ ಅವಳಿಗೆ ಅನಿಸಿರಬೇಕು. ಎದ್ದು ಹೋಗಿ ರೇಡಿಯೋದ ಗುಂಡಿಗೆ ಕೈ ಹಾಕಿದಳು.

"ಆರಿಸಬೇಡ" ಅಂದಳು ಅಂಬುಜ. "ಎರಡನೇ ಚರಣ ಆವತ್ತು ಚೆನ್ನಾಗಿ ಬಂದಿತ್ತು."